‘ಶೇಪ್’ ಪದವನ್ನು ಸರಿಯಾಗಿ ಬಳಸುವುದು ಹೇಗೆ?

ಬ್ಯೂಟಿ ಪಾರ್ಲರ್‌ನಲ್ಲಿ ಹುಬ್ಬಿಗೆ ಶೇಪ್ ಕೊಡಿಸುತ್ತೇವೆ. ಬ್ಲೌಸಿನ ಶೇಪ್ ಸರಿಯಿಲ್ಲ ಎಂದು ಟೈಲರ್ ಹತ್ತಿರ ತಕರಾರು ತೆಗೆಯುತ್ತೇವೆ. ಜಿಮ್‌ಗೆ ಹೋಗುವ ಹುಡುಗರು ಬಾಡಿ ಈಗ ಶೇಪಿಗೆ ಬಂತು ಅನ್ನುತ್ತಾರೆ. ಇಷ್ಟು ಬಳಕೆಯ ಪದವನ್ನೇ ಇಂಗ್ಲಿಷ್ ವಾಕ್ಯದಲ್ಲಿ ಕೂರಿಸಬೇಕಾದಾಗ ನಾವು ತಡವರಿಸುತ್ತೇವೆ. ನಿಘಂಟು ತೆರೆದರೆ ಮೊದಲು ಕಾಣುವುದು ‘ಆಕಾರ’, ‘ರೂಪ’. ಅವು ತಪ್ಪಲ್ಲ, ಆದರೆ ಸಾಲವು. ಈ ಪದ ಎಲ್ಲಿ ಏನು ಹೇಳುತ್ತದೆ ಎಂಬುದನ್ನು ಬಹುಪಾಲು ತೀರ್ಮಾನಿಸುವುದು ಅದರ ಪಕ್ಕದಲ್ಲಿರುವ ಇನ್, ಔಟ್, ಟೇಕ್, ಅಪ್ ಎಂಬ ಪುಟ್ಟ ಪದಗಳು. ಆದ್ದರಿಂದ ಶೇಪ್ ಒಂದನ್ನೇ ಬಾಯಿಪಾಠ ಮಾಡಬೇಡಿ, ಅದರ ಜೊತೆಗಾರರನ್ನೂ ಸೇರಿಸಿ ಕಲಿಯಿರಿ.

ಮೊದಲ ಹೆಜ್ಜೆ ಆಕಾರದ್ದು. ಮೇಜು ದುಂಡಗಿದೆ ಅನ್ನಲು ‘ದ ಟೇಬಲ್ ಈಸ್ ರೌಂಡ್’ ಎಂದರೆ ಸಾಕು. ‘ರೌಂಡ್ ಇನ್ ಶೇಪ್’ ಎಂದು ಎಳೆಯುವುದು ಅನಗತ್ಯ, ದುಂಡು ಅನ್ನುವುದರಲ್ಲೇ ಆಕಾರ ಬಂದಾಯಿತು. ಪ್ರಶ್ನೆ ಕೇಳುವಾಗ ‘ವಾಟ್ ಶೇಪ್ ಈಸ್ ದ ಟೇಬಲ್?’ ಎನ್ನಿ.

ಒಂದು ವಸ್ತು ಇನ್ನೊಂದರ ಆಕಾರದಲ್ಲಿದ್ದರೆ ಶೇಪ್ ಎಂಬುದಕ್ಕೆ ಕೊನೆಯಲ್ಲಿ ಡಿ ಅಕ್ಷರ ಸೇರಬೇಕು. ಉಚ್ಚಾರದಲ್ಲಿ ಅದು ‘ಟ್’ ಆಗುತ್ತದೆ: ಹಾರ್ಟ್-ಶೇಪ್ಟ್ ಬಲೂನ್. ಫರ್ನಿಚರ್ ಅಂಗಡಿಯಲ್ಲಿ ನಾವು ಕೇಳುವ ‘ಎಲ್ ಶೇಪ್ ಸೋಫಾ’ ಇಂಗ್ಲಿಷಿನಲ್ಲಿ ‘ಆ್ಯನ್ ಎಲ್-ಶೇಪ್ಟ್ ಸೋಫಾ’. ಇಲ್ಲಿ ‘ಆ್ಯನ್’ ಯಾಕೆ? ಎಲ್ ಎಂಬ ಅಕ್ಷರದ ಹೆಸರು ಸ್ವರದಿಂದ ಶುರುವಾಗುತ್ತದೆ. ನಮ್ಮಲ್ಲಿ ಅನೇಕರು ಅದನ್ನು ‘ಯೆಲ್’ ಎನ್ನುವುದರಿಂದ ಕಿವಿಗೆ ‘ಎ’ ಸರಿ ಅನ್ನಿಸಿಬಿಡುತ್ತದೆ, ಎಚ್ಚರವಿರಲಿ. ಯು ಅಕ್ಷರದ ಕಥೆ ಇದಕ್ಕೆ ತಿರುಗಾಮುರುಗಾ. ಅದು ಸ್ವರಾಕ್ಷರವಾದರೂ ಹೆಸರು ಶುರುವಾಗುವುದು ‘ಯ’ ಧ್ವನಿಯಿಂದ. ಹಾಗಾಗಿ ‘ಎ ಯು-ಶೇಪ್ಟ್ ಟೇಬಲ್’.

ಎರಡನೇ ಹೆಜ್ಜೆಯಲ್ಲಿ ಆಕಾರವನ್ನು ಮರೆಯಬೇಕು. ಸೆಕೆಂಡ್ ಹ್ಯಾಂಡ್ ಬೈಕ್ ಮಾರುವವನು ‘ದ ಬೈಕ್ ಈಸ್ ಇನ್ ಗುಡ್ ಶೇಪ್’ ಎಂದರೆ ಗಾಡಿ ಒಳ್ಳೆಯ ಕಂಡೀಷನ್‌ನಲ್ಲಿದೆ ಎಂದರ್ಥ. ನಮ್ಮಲ್ಲಿ ಹೆಚ್ಚು ಕೇಳಿಬರುವ ತಪ್ಪು ‘ಇನ್ ಎ ಗುಡ್ ಶೇಪ್’. ಆ ‘ಎ’ ತೆಗೆದುಬಿಡಿ. ಮನುಷ್ಯರ ವಿಷಯದಲ್ಲಿ ‘ಐ ಆ್ಯಮ್ ಇನ್ ಶೇಪ್’ ಎಂದರೆ ಮೈ ಗಟ್ಟಿಮುಟ್ಟಾಗಿದೆ, ‘ಐ ಆ್ಯಮ್ ಔಟ್ ಆಫ್ ಶೇಪ್’ ಎಂದರೆ ವ್ಯಾಯಾಮ ತಪ್ಪಿ ನಾಲ್ಕು ಮೆಟ್ಟಿಲು ಹತ್ತಿದರೂ ಏದುಸಿರು. ನಡುವೆ ‘ದ’ ಮತ್ತು ‘ಆಫ್’ ಬಂದರೆ ಮತ್ತೆ ಆಕಾರದ ಮಾತು: ‘ಎ ಕೇಕ್ ಇನ್ ದ ಶೇಪ್ ಆಫ್ ಎ ಬುಕ್’. ಕಷ್ಟದಲ್ಲಿ ಪಕ್ಕದ ಮನೆಯವರ ರೂಪದಲ್ಲಿ ನೆರವು ಬಂತು ಎಂದು ಕನ್ನಡದಲ್ಲಿ ಹೇಳುವುದೂ ಹಾಗೇ ಬರುತ್ತದೆ: ‘ಹೆಲ್ಪ್ ಕೇಮ್ ಇನ್ ದ ಶೇಪ್ ಆಫ್ ಎ ನೇಬರ್’.

ಇಷ್ಟು ಹಿಡಿತಕ್ಕೆ ಬಂದ ಮೇಲೆ ಕ್ರಿಕೆಟ್ ಕಾಮೆಂಟರಿ ಕೇಳಿ. ಈ ಪದಕ್ಕೆ ಅದಕ್ಕಿಂತ ಒಳ್ಳೆಯ ಪಾಠಶಾಲೆ ನನಗೆ ಗೊತ್ತಿಲ್ಲ. ಬ್ಯಾಟರ್ ‘ಇನ್ ಫಾರ್ಮ್’ ಎಂದರೆ ಈಚೆಗೆ ಚೆನ್ನಾಗಿ ಆಡುತ್ತಿದ್ದಾರೆ, ‘ಇನ್ ಶೇಪ್’ ಎಂದರೆ ದೇಹ ಫಿಟ್ ಆಗಿದೆ. ಫಿಟ್ ಇದ್ದೂ ಫಾರ್ಮ್ ಕಳೆದುಕೊಂಡಿರಬಹುದು, ಆದ್ದರಿಂದ ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸಬೇಡಿ. ಇನ್ನು ಚೆಂಡು. ಪುರುಷರ ಕ್ರಿಕೆಟ್‌ನಲ್ಲಿ ಹೊಸ ಚೆಂಡಿನ ಸುತ್ತಳತೆ 22.4ರಿಂದ 22.9 ಸೆಂಟಿಮೀಟರ್ ಇರಬೇಕು. ಆಟದ ನಡುವೆ ಬೌಲರ್ ದೂರು ಕೊಟ್ಟರೆ ಅಂಪೈರ್ ಬಳೆಯಂಥ ಅಳತೆಯ ಸಾಧನದಲ್ಲಿ ಚೆಂಡನ್ನು ತೂರಿಸಿ ನೋಡುತ್ತಾರೆ. ಸೊಟ್ಟಗಾಗಿದ್ದರೆ ‘ದ ಬಾಲ್ ಹ್ಯಾಸ್ ಗಾನ್ ಔಟ್ ಆಫ್ ಶೇಪ್’. ಅದೇ ಕಾಮೆಂಟರಿಯಲ್ಲಿ ‘ಶೇಪಿಂಗ್ ಅವೇ’ ಎಂದು ಕೇಳಿದರೆ ಚೆಂಡು ಸ್ವಿಂಗ್ ಆಗಿ ಬ್ಯಾಟರ್‌ನಿಂದ ಆಚೆ ಸರಿಯುತ್ತಿದೆ ಎಂದು. ‘ಹಿ ಶೇಪ್ಟ್ ಟು ಕಟ್’ ಎಂದರೆ ಕಟ್ ಹೊಡೆಯಲು ಅಣಿಯಾದರು. ಇಲ್ಲೆಲ್ಲ ‘ಆಕಾರ’ ಹಾಕಿ ಅರ್ಥ ಮಾಡಲು ಹೋದರೆ ಏನೂ ಗಿಟ್ಟುವುದಿಲ್ಲ.

ಕ್ರಿಯಾಪದವಾಗಿ ಬಳಸುವಾಗ ಎರಡು ಕಡೆ ಎಡವುತ್ತೇವೆ. ‘ಐ ಶೇಪ್ಟ್ ಮೈ ಐಬ್ರೋಸ್’ ಎಂದರೆ ಹುಬ್ಬನ್ನು ನಾನೇ ತಿದ್ದಿಕೊಂಡೆ ಎಂದಾಗುತ್ತದೆ. ಪಾರ್ಲರ್‌ನಲ್ಲಿ ಮಾಡಿಸಿದ್ದರೆ ‘ಐ ಗಾಟ್ ಮೈ ಐಬ್ರೋಸ್ ಶೇಪ್ಟ್’. ಮಾಡಿದೆ, ಮಾಡಿಸಿದೆ ಎಂಬ ವ್ಯತ್ಯಾಸ ನಮಗೆ ಹುಟ್ಟಿನಿಂದಲೇ ಗೊತ್ತು. ಕನ್ನಡದ ‘ಇಸು’ ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ‘ಗೆಟ್’ ಮಾಡುತ್ತದೆ, ಅಷ್ಟೇ. ಎರಡನೆಯದು ಅಡುಗೆಮನೆಯದು. ನಾವು ಲಾಡು ಕಟ್ಟುತ್ತೇವೆ, ವಡೆ ತಟ್ಟುತ್ತೇವೆ. ಇಂಗ್ಲಿಷ್ ಅಡುಗೆ ಬರಹಗಳಲ್ಲಿ ಎರಡಕ್ಕೂ ‘ಶೇಪ್’ ನಡೆಯುತ್ತದೆ, ಜೊತೆಗೆ ‘ಇಂಟು’ ಬರುತ್ತದೆ: ‘ಶೇಪ್ ದ ಡೋ ಇಂಟು ಬಾಲ್ಸ್’. ಆ ‘ಇಂಟು’ ಬಿಟ್ಟರೆ ವಾಕ್ಯ ಕುಂಟುತ್ತದೆ.

ಕೆಲಸವೋ ಯೋಜನೆಯೋ ಒಂದು ರೂಪಕ್ಕೆ ಬರುತ್ತಿದ್ದರೆ ‘ಟೇಕಿಂಗ್ ಶೇಪ್’. ಇಲ್ಲೂ ‘ಎ’ ಬೇಡ.

‘ಶೇಪ್ ಅಪ್’ ಮಾತ್ರ ನೋಡಿಕೊಂಡು ಬಳಸಿ. ‘ದ ಟೀಮ್ ಈಸ್ ಶೇಪಿಂಗ್ ಅಪ್ ವೆಲ್’ ಎಂಬುದು ಮೆಚ್ಚುಗೆ. ಅದನ್ನೇ ಎದುರಿಗಿರುವವರಿಗೆ ‘ಶೇಪ್ ಅಪ್!’ ಎಂದರೆ ನಡತೆ ತಿದ್ದಿಕೋ ಎಂದು ಗದರಿದಂತೆ. ಹಿರಿಯರಿಗೆ, ಮೇಲಧಿಕಾರಿಗೆ ಇದು ಸಲ್ಲದು. ‘ಶೇಪ್ಲಿ’ ಎಂಬುದನ್ನೂ ಸಹೋದ್ಯೋಗಿ ಹೆಣ್ಣುಮಕ್ಕಳ ಬಗ್ಗೆ ಆಡಬೇಡಿ. ಅದು ಮೈಕಟ್ಟಿನ ಬಗೆಗಿನ ಮಾತು, ಕೇಳಿದವರಿಗೆ ಮುಜುಗರವಾಗುತ್ತದೆ.

ಕೊನೆಗೆ ಮೂರು ವಾಕ್ಯಗಳನ್ನು ನೀವೇ ಇಂಗ್ಲಿಷಿಗೆ ತಂದು ನೋಡಿ: ಹಳೇ ಸ್ಕೂಟರ್ ಇನ್ನೂ ಚೆನ್ನಾಗಿದೆ, ಹೊಸ ಮನೆ ಒಂದು ರೂಪಕ್ಕೆ ಬರುತ್ತಿದೆ, ಚಮಚ ಸೊಟ್ಟಗಾಗಿದೆ. ಉತ್ತರಗಳು: ‘ದ ಓಲ್ಡ್ ಸ್ಕೂಟರ್ ಈಸ್ ಸ್ಟಿಲ್ ಇನ್ ಗುಡ್ ಶೇಪ್’, ‘ದ ನ್ಯೂ ಹೌಸ್ ಈಸ್ ಟೇಕಿಂಗ್ ಶೇಪ್’, ‘ದ ಸ್ಪೂನ್ ಈಸ್ ಬೆಂಟ್ ಔಟ್ ಆಫ್ ಶೇಪ್’. ಮೂರನೆಯದನ್ನು ಅಮೆರಿಕದವರು ಆಡುಮಾತಿನಲ್ಲಿ ಮನುಷ್ಯರಿಗೂ ಅನ್ವಯಿಸುತ್ತಾರೆ, ಆಗ ಅದರ ಅರ್ಥ ಸಿಟ್ಟಾಗಿದ್ದಾರೆ ಎಂದು.