ಫರಸಿ ರಾಡಿ ಮತ್ತು ಸಮುದ್ರದ ಉಂಡೆ

ಕಲಬುರಗಿಯ ಕಾಲೇಜೊಂದರಲ್ಲಿ ನಾನು ರಸಾಯನಶಾಸ್ತ್ರ ಕಲಿಸುತ್ತೇನೆ. ಸಮುದ್ರ ನೋಡಬೇಕೆಂದರೆ ಇಲ್ಲಿಂದ ರಾತ್ರಿಯಿಡೀ ಪ್ರಯಾಣ ಮಾಡಬೇಕು. ಅಂಥ ಊರಿಗೆ ಸ್ನೇಹಿತರೊಬ್ಬರ ಮೂಲಕ ಹಿಂದೂ ಮಹಾಸಾಗರದ ತಳದ, ಹಲವು ಲೋಹಗಳಿರುವ ಎರಡು ಕಪ್ಪು ಉಂಡೆಗಳು ಬಂದವು. ಅವುಗಳ ಲೋಹವನ್ನು ಆಮ್ಲದಲ್ಲಿ ಕರಗಿಸಿ ಹೊರತೆಗೆಯಲು ಹೊರಟೆ. ಆಲೂಗಡ್ಡೆಯಷ್ಟು ಗಾತ್ರ, ಒಳಗೆಲ್ಲ ಸಣ್ಣ ಸಣ್ಣ ರಂಧ್ರ. ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುವ ವಸ್ತುವನ್ನು ಕುಟ್ಟಾಣಿಯಲ್ಲಿ ಹತ್ತು ನಿಮಿಷಕ್ಕೆ ಪುಡಿ ಮಾಡುವಾಗ ತುಸು ನಾಚಿಕೆಯೆನಿಸಿತು.

1981ರಲ್ಲಿ ನಮ್ಮ ಸಂಶೋಧನಾ ಹಡಗು ಗವೇಷಣಿ ಇಂಥ ಉಂಡೆಗಳನ್ನು ಮೇಲೆತ್ತಿದ ಮೇಲೆ ನಮ್ಮ ದೇಶ ಸಮುದ್ರತಳದ ಲೋಹದ ಹಾದಿ ಹಿಡಿಯಿತು. ಇವುಗಳಲ್ಲಿ ಮ್ಯಾಂಗನೀಸ್ ಶೇಕಡಾ 24ರ ಆಸುಪಾಸು, ನಿಕ್ಕೆಲ್ ಮತ್ತು ತಾಮ್ರ ತಲಾ ಶೇಕಡಾ 1ರಷ್ಟು, ಕೋಬಾಲ್ಟ್ ಇನ್ನೂ ಕಡಿಮೆ. ಬೆಲೆ ಬಾಳುವವು ಕೊನೆಯ ಮೂರು. ಆದರೆ ಅವು ಕುಳಿತಿರುವುದು ಮ್ಯಾಂಗನೀಸ್ ಡೈಆಕ್ಸೈಡಿನ ಮಡಿಲಲ್ಲಿ, ಅದು ಬರಿಯ ಗಂಧಕಾಮ್ಲಕ್ಕೆ ಜಗ್ಗುವುದಿಲ್ಲ. ಒಂದು ಇಡೀ ದಿನ ಕಲಕಿದರೂ ಪುಡಿ ಕಪ್ಪಾಗಿಯೇ ತಳದಲ್ಲಿ ಉಳಿಯಿತು. ಅದಕ್ಕೆ ಎಲೆಕ್ಟ್ರಾನ್ ಕೊಟ್ಟು ಒಲಿಸಿಕೊಳ್ಳಬೇಕು. ಅನ್ನಭೇದಿ (ಫೆರಸ್ ಸಲ್ಫೇಟ್) ಹಾಕಿದರೆ ಕೆಲಸ ಆಗುತ್ತದೆ, ಆಯಿತು ಕೂಡ. ಆದರೆ ಅದನ್ನು ದುಡ್ಡು ಕೊಟ್ಟು ತರಬೇಕು. ಹಲವು ಗಣಿಗಳ ಹೊರಗೆ ಗುಡ್ಡದಂತೆ ಬಿದ್ದಿರುವ ಮಣ್ಣಿನಲ್ಲಿ ಪೈರೈಟ್ ಎಂಬ ಖನಿಜ ಇರುತ್ತದೆ, ಅದರ ಕಬ್ಬಿಣವೂ ಗಂಧಕವೂ ಇದೇ ಕೆಲಸ ಮಾಡುತ್ತವೆ.

ಚಿನ್ನದ ಗಣಿಯ ಮಣ್ಣು ತರಿಸೋಣವೆಂದು ಹೊರಟಿದ್ದೆ. ನನಗೆ ಹಿಂದೆ ಪಾಠ ಹೇಳಿದ ಹಿರಿಯರು ಫೋನಿನಲ್ಲೇ ತಡೆದರು: "ಅದನ್ನು ಸೈನೈಡಿನಲ್ಲಿ ತೊಳೆದಿರುತ್ತಾರೆ ಮಾರಾಯರೇ, ಆಮ್ಲ ಸುರಿದರೆ ಏನು ಹೊರಬರುತ್ತದೆ ಯೋಚಿಸಿದ್ದೀರಾ?" ಹೊರಬರುವುದು ವಿಷಾನಿಲ. ಕೋಲಾರದ ಜನ ಚಿನ್ನದ ಗಣಿಯ ದಿಬ್ಬಗಳನ್ನು ಸೈನೈಡ್ ಗುಡ್ಡ ಎನ್ನುವುದು ಸುಮ್ಮನೆ ಅಲ್ಲ. ಕೊನೆಗೆ ಮುಚ್ಚಿದ ತಾಮ್ರದ ಗಣಿಯೊಂದರ ಮಣ್ಣು ಸಿಕ್ಕಿತು.

ಮೊದಲ ಸಲ 20 ಗ್ರಾಂ ಉಂಡೆಪುಡಿ, ಅಷ್ಟೇ ಗಣಿಮಣ್ಣು, 400 ಮಿಲಿಲೀಟರ್ ಆಮ್ಲ. ಮಣ್ಣಿನಲ್ಲಿ ಸುಣ್ಣದ ಅಂಶವೂ ಇದ್ದುದರಿಂದ ಹಾಲು ಉಕ್ಕಿದಂತೆ ನೊರೆ ಉಕ್ಕಿ ಬೀಕರಿನಿಂದ ಮೇಜಿಗೆ ಇಳಿಯಿತು. ಅಂದಿನಿಂದ ಮಣ್ಣನ್ನು ಚಮಚ ಚಮಚವಾಗಿ ಹಾಕುತ್ತೇನೆ. ಮೇ ತಿಂಗಳಲ್ಲಿ ನಮ್ಮ ಪ್ರಯೋಗಾಲಯವೇ 40 ಡಿಗ್ರಿ ದಾಟುತ್ತದೆ, ಆದರೂ ಪೈರೈಟಿಗೆ ಅದು ಸಾಲದು. 90ರ ಹತ್ತಿರ ಕಾಯಿಸಿ, ಮಣ್ಣನ್ನು ಇನ್ನಷ್ಟು ನುಣ್ಣಗೆ ಅರೆದ ಮೇಲೆಯೇ ಕಪ್ಪು ಕರಗಿತು.

ಕರಗಿಸುವುದೇ ದೊಡ್ಡ ಕೆಲಸವೆಂದು ತಿಳಿದಿದ್ದೆ. ನಿಜವಾಗಿ ಸತಾಯಿಸಿದ್ದು ಗಣಿಮಣ್ಣಿನ ಜೊತೆ ನಾನೇ ಒಳಗೆ ಬಿಟ್ಟುಕೊಂಡ ಕಬ್ಬಿಣ. ಅದನ್ನು ಕೆಸರಾಗಿ ತಳಕ್ಕೆ ಇಳಿಸಲು ಆಮ್ಲದ ಹುಳಿಯನ್ನು ತಗ್ಗಿಸಬೇಕು, ತಗ್ಗಿಸಲು ಸುಣ್ಣದಕಲ್ಲು ಬೇಕು. ಶಹಾಬಾದ್ ಪಕ್ಕದಲ್ಲೇ ಇರುವಾಗ ಅದಕ್ಕೇನು ಬರ? ಫರಸಿ, ಅಂದರೆ ನೆಲಕ್ಕೆ ಹಾಸುವ ಸುಣ್ಣದಕಲ್ಲಿನ ಚಪ್ಪಡಿ, ಪಾಲಿಷ್ ಮಾಡುವ ಕಡೆ ಅದರ ರಾಡಿ ಹೊಂಡಗಟ್ಟಲೆ ಬಿದ್ದಿರುತ್ತದೆ. "ಇದನ್ನು ಒಯ್ಯುವವರನ್ನು ಇವತ್ತೇ ನೋಡಿದ್ದು ಸರ್," ಎಂದು ಅಲ್ಲಿನ ಹಿರಿಯ ಕೆಲಸಗಾರರು ನಕ್ಕು ಎರಡು ಚೀಲ ತುಂಬಿಸಿದರು.

ರಾಡಿಯನ್ನು ಒಂದೇ ಸಲ ಸುರಿದದ್ದು ನನ್ನ ತಪ್ಪು. ಬಿದ್ದ ಜಾಗದಲ್ಲಿ ಹುಳಿ ಪೂರ್ತಿ ಹೋಗಿ, ಕಬ್ಬಿಣದ ಜೊತೆ ತಾಮ್ರವೂ ಕೆಸರಿಗೆ ಸೇರಿತು. ಈಗ ನೀರಿನಲ್ಲಿ ತೆಳ್ಳಗೆ ಕಲಸಿ, ಕಲಕುತ್ತಾ, ಹುಳಿಯ ಅಳತೆಯಾದ ಪಿಎಚ್ 3.5ರ ಹತ್ತಿರ ನಿಲ್ಲಿಸುತ್ತೇನೆ. ಅದಕ್ಕೂ ಮುಂಚೆ ಒಂದು ಚಿಟಿಕೆ ಹೊಸ ಉಂಡೆಪುಡಿ ಹಾಕಬೇಕು. ಫೆರಸ್ ರೂಪದಲ್ಲಿ ಉಳಿದ ಕಬ್ಬಿಣ ಆ ಹುಳಿಯಲ್ಲಿ ಇಳಿಯುವುದಿಲ್ಲ, ಪುಡಿಯ ಮ್ಯಾಂಗನೀಸ್ ಅದನ್ನು ಸುಲಭವಾಗಿ ಇಳಿಯುವ ಫೆರಿಕ್ ರೂಪಕ್ಕೆ ತರುತ್ತದೆ. ಇದನ್ನು ಕಂಡುಕೊಳ್ಳಲು ನನಗೆ ಮೂರು ವಾರ ಹಿಡಿಯಿತು.

ಸೋಸುವುದಂತೂ ಜೋಳದ ಅಂಬಲಿಯನ್ನು ಬಟ್ಟೆಯಲ್ಲಿ ಸೋಸಿದಂತೆ. ಹಚ್ಚಿಟ್ಟು ಮನೆಗೆ ಹೋಗಿ ಮರುದಿನ ಬಂದರೂ ತೊಟ್ಟಿಕ್ಕುತ್ತಲೇ ಇತ್ತು. ಸೋಸಿದ ನೀರಿನಲ್ಲಿ ಕಬ್ಬಿಣದ ಮೊಳೆ ಅದ್ದಿದಾಗ ತಾಮ್ರದ ಹೊದಿಕೆ ಕೂತಿತು. ಇನ್ನೊಂದು ಪಾಲಿಗೆ ಟಾರ್ಟಾರಿಕ್ ಆಮ್ಲ, ಅಮೋನಿಯಾ, ನಿಕ್ಕೆಲ್ ಪತ್ತೆಗೆ ಬಳಸುವ ಡೈಮೀಥೈಲ್ ಗ್ಲೈಆಕ್ಸೈಮ್ ಬೆರೆಸಿದಾಗ ನಿಕ್ಕೆಲ್ ಕುಂಕುಮ ಚೆಲ್ಲಿದಂತೆ ಕೆಂಪಾಗಿ ಕಾಣಿಸಿಕೊಂಡಿತು. ವಿದ್ಯಾರ್ಥಿಗಳು ಮೊಬೈಲಿನಲ್ಲಿ ಅದರದೇ ಚಿತ್ರ ತೆಗೆದರು.

ಕೆಸರಿನ ಚಿತ್ರವನ್ನು ಯಾರೂ ತೆಗೆಯಲಿಲ್ಲ. ಒಣಗಿಸಿ ತೂಗಿದರೆ ಅದು ನಾನು ಹಾಕಿದ ಉಂಡೆಪುಡಿಯ ಎರಡು ಪಟ್ಟಿಗೂ ಹೆಚ್ಚು. ಬಹುಪಾಲು ಸುಣ್ಣದಕಲ್ಲೂ ಗಂಧಕಾಮ್ಲವೂ ಸೇರಿ ಆದ ಜಿಪ್ಸಮ್, ಬೇಕಾದ್ದಕ್ಕಿಂತ ಹೆಚ್ಚು ಆಮ್ಲ ಸುರಿದದ್ದರ ಫಲ. ಎರಡನೆಯ ಸಲ ಆಮ್ಲವನ್ನು ಅರ್ಧಕ್ಕೆ ಇಳಿಸಿದೆ, ಕೆಸರೂ ಇಳಿಯಿತು. ಗಣಿಮಣ್ಣಿನಲ್ಲಿ ಆರ್ಸೆನಿಕ್ ಇದ್ದಿದ್ದರೆ ಅದನ್ನು ಹಿಡಿದಿಟ್ಟುಕೊಳ್ಳುವುದು ಇದೇ ಕಬ್ಬಿಣದ ಕೆಸರು, ಹಾಗಾಗಿ ಚರಂಡಿಗೆ ಎಸೆಯುವಂತಿಲ್ಲ. ಎರಡೂ ಸಲದ್ದು ಮುಚ್ಚಳ ಹಾಕಿದ ಬಕೆಟ್ಟಿನಲ್ಲಿ ಮೇಜಿನ ಕೆಳಗಿದೆ.