ಬಾರದವರ ಪಟ್ಟಿ

ಅಡಿಕೆ ಮರ ಹತ್ತಿ ಕೊನೆ ಇಳಿಸುವ ಕೊನೆಗಾರರೊಬ್ಬರಿಗೆ ಲಕ್ವ ಹೊಡೆದ ದಿನ ನಾನು ಪಕ್ಕದ ಕೇರಿಯಲ್ಲಿ, ಉಣುಗು ಕಚ್ಚದಂತೆ ಮೈಗೆ ಹಚ್ಚಿಕೊಳ್ಳುವ ಎಣ್ಣೆ ಹಂಚುತ್ತಿದ್ದೆ. ನಮ್ಮದು ಶಿವಮೊಗ್ಗ ಜಿಲ್ಲೆಯ ಒಳಮಲೆನಾಡು. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ, ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಯೆಂದರೆ ಜನ ಇವತ್ತಿಗೂ ನಡುಗುತ್ತಾರೆ. ಎಲ್ಲಾದರೂ ಒಂದು ಮಂಗ ಸತ್ತುಬಿದ್ದರೆ ಅರ್ಧ ಗಂಟೆಯೊಳಗೆ ನನಗೆ ಫೋನು ಬರುತ್ತದೆ. ಯಾರೋ ಬಿಪಿ ಮಾತ್ರೆ ನಿಲ್ಲಿಸಿದರು ಎಂದು ಈವರೆಗೆ ಒಬ್ಬರೂ ಫೋನು ಮಾಡಿಲ್ಲ.

ನಾನು ಉಪಕೇಂದ್ರವೊಂದರಲ್ಲಿ ಸಮುದಾಯ ಆರೋಗ್ಯ ಅಧಿಕಾರಿ. ಹೆಸರು ದೊಡ್ಡದು. ಊರಿನವರಿಗೆ ನಾನು ಸಿಸ್ಟರ್, ಅಷ್ಟೇ.

ಕೊನೆಗಾರರಿಗೆ ಆಗ 46 ವರ್ಷ. ಒಂದು ಅಡಿಕೆ ಮರದ ತುದಿಯನ್ನು ಬಾಗಿಸಿ ಪಕ್ಕದ ಮರಕ್ಕೆ ದಾಟಿಕೊಳ್ಳುತ್ತಿದ್ದ ಮನುಷ್ಯ ಈಗ ಎಡಗೈಯಲ್ಲಿ ಲೋಟ ಹಿಡಿಯಲಾರರು. ವಿಷಯ ತಿಳಿದ ಸಂಜೆ ರಿಜಿಸ್ಟರ್ ತೆಗೆದು ನೋಡಿದೆ. ಏಳು ತಿಂಗಳ ಹಿಂದೆ ನನ್ನದೇ ಕೈಬರಹದಲ್ಲಿ ಅವರ ರಕ್ತದೊತ್ತಡ 172/104 ಎಂದಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಒತ್ತಡ ಇಳಿಸುವ ಅಮ್ಲೋಡಿಪಿನ್ 5 ಮಿಲಿಗ್ರಾಂ ಬರೆದಿದ್ದರು, ನಾನು ಒಂದು ತಿಂಗಳ ಮಾತ್ರೆ ಕೊಟ್ಟಿದ್ದೆ. ಎರಡನೆಯ ತಿಂಗಳ ಕಾಲಂ ಖಾಲಿ. ಮೂರನೆಯದೂ ಖಾಲಿ. ಆ ಖಾಲಿ ಜಾಗ ನನ್ನ ಕಣ್ಣಿಗೆ ಬೀಳಲೇ ಇಲ್ಲ, ಏಕೆಂದರೆ ನಾನು ಪ್ರತಿ ತಿಂಗಳು ಕಳುಹಿಸುತ್ತಿದ್ದ ವರದಿಯಲ್ಲಿ ಎಲ್ಲರೂ ನೋಡುತ್ತಿದ್ದದ್ದು ಎರಡೇ ಅಂಕಿ: ಎಷ್ಟು ಜನರ ತಪಾಸಣೆಯಾಯಿತು, ಎಷ್ಟು ಹೊಸ ರೋಗಿಗಳು ಸಿಕ್ಕರು. ಅವರು ಎರಡರಲ್ಲೂ ಇದ್ದರು. ಲೆಕ್ಕದ ಪ್ರಕಾರ ಅವರು ನನ್ನ ಸಾಧನೆ.

ತರಬೇತಿಯಲ್ಲಿ ನಮಗೆ ಜಗತ್ತಿನ ಅಂಕಿಗಳನ್ನು ಹೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2021ರಲ್ಲಿ ಹೃದಯದ ಕಾಯಿಲೆ, ಪಾರ್ಶ್ವವಾಯು, ಕ್ಯಾನ್ಸರ್, ಸಕ್ಕರೆ ಕಾಯಿಲೆ, ಶ್ವಾಸಕೋಶದ ಕಾಯಿಲೆಯಂತಹ ಅಸಾಂಕ್ರಾಮಿಕ ರೋಗಗಳಿಂದ ಸತ್ತವರು ಕನಿಷ್ಠ 4 ಕೋಟಿ 30 ಲಕ್ಷ. ಅವರಲ್ಲಿ 1 ಕೋಟಿ 80 ಲಕ್ಷ ಜನ ಎಪ್ಪತ್ತು ತುಂಬುವ ಮೊದಲೇ ಹೋದವರು. ನನ್ನನ್ನು ಕಾಡಿದ್ದು ಇದಲ್ಲ, ಇನ್ನೊಂದು ಅಂಕಿ: ಅಧಿಕ ರಕ್ತದೊತ್ತಡ ಇರುವ ಐವರಲ್ಲಿ ಹೆಚ್ಚುಕಡಿಮೆ ಒಬ್ಬರದು ಮಾತ್ರ ಹತೋಟಿಯಲ್ಲಿದೆ. ಉಳಿದ ನಾಲ್ವರಲ್ಲಿ ಒಬ್ಬರು ನಮ್ಮ ಕೊನೆಗಾರರು.

ಆಮೇಲೆ ನಾನು ಮಾಡಿದ್ದು ತೀರಾ ಸಣ್ಣ ಕೆಲಸ. ಹನ್ನೆರಡು ಚಪ್ಪಲಿ ಡಬ್ಬಿ ತಂದು ತಿಂಗಳ ಹೆಸರು ಬರೆದೆ. ಮಾತ್ರೆ ತೆಗೆದುಕೊಳ್ಳುವ ಪ್ರತಿಯೊಬ್ಬರಿಗೂ ಒಂದು ಕಾರ್ಡು. ಅವರು ಮುಂದೆ ಯಾವ ತಿಂಗಳು ಬರಬೇಕೋ ಆ ತಿಂಗಳ ಡಬ್ಬಿಯಲ್ಲಿ ಅದು ಇರುತ್ತದೆ. ಬಂದರೆ ಕಾರ್ಡು ಮುಂದಿನ ಡಬ್ಬಿಗೆ ಹೋಗುತ್ತದೆ. ತಿಂಗಳು ಮುಗಿದಾಗ ಡಬ್ಬಿಯಲ್ಲಿ ಉಳಿದವರೇ ಬಾರದವರು. ಇದು ನನ್ನ ಬುದ್ಧಿಯಲ್ಲ. 2017ರಲ್ಲಿ ಆರಂಭವಾದ ಭಾರತ ರಕ್ತದೊತ್ತಡ ನಿಯಂತ್ರಣ ಉಪಕ್ರಮದಲ್ಲಿಯೂ ರೋಗಿಯ ಕಾರ್ಡನ್ನು ಆಸ್ಪತ್ರೆಯಲ್ಲೇ ಇಟ್ಟುಕೊಂಡು ತಪ್ಪಿಸಿಕೊಂಡವರನ್ನು ಹುಡುಕುವ ಪದ್ಧತಿ ಇತ್ತು. ಆ್ಯಪ್‌ನಲ್ಲೂ ಇದನ್ನು ನೋಡಬಹುದು, ಆದರೆ ನಮ್ಮಲ್ಲಿ ಮಳೆಗಾಲದಲ್ಲಿ ನೆಟ್‌ವರ್ಕ್ ಇರುವುದಿಲ್ಲ. ಡಬ್ಬಿ ಇರುತ್ತದೆ.

ಮೊದಲ ತಿಂಗಳ ಕೊನೆಗೆ ಡಬ್ಬಿ ಅರ್ಧ ತುಂಬಿತ್ತು. ಆಶಾ ಕಾರ್ಯಕರ್ತೆಯನ್ನು ಕರೆದುಕೊಂಡು ಒಂದೊಂದೇ ಮನೆಗೆ ಹೋದೆ. ಉದಾಸೀನ ಮಾಡುತ್ತಿದ್ದಾರೆಂದು ಮನಸ್ಸಿನಲ್ಲೇ ಬೈದುಕೊಂಡು ಹೊರಟಿದ್ದೆ. ಸಿಕ್ಕ ಕಾರಣಗಳು ಬೇರೆ. ಒಬ್ಬ ಅಜ್ಜಿಗೆ ಕಾಲಿನ ಗಿಣ್ಣು ಊದಿಕೊಂಡಿತ್ತು. ಅಮ್ಲೋಡಿಪಿನ್‌ನಿಂದ ಕೆಲವರಿಗೆ ಹಾಗಾಗುತ್ತದೆ, ಬೇರೆ ಮಾತ್ರೆ ಇದೆ ಎಂದು ನಾನು ಮೊದಲೇ ಹೇಳಿರಲಿಲ್ಲ. ಅವರು ಕಿಡ್ನಿ ಹೋಯಿತೆಂದು ಹೆದರಿ ಮಾತ್ರೆಯನ್ನು ಹಂಚಿನ ಸಂದಿಗೆ ಸಿಕ್ಕಿಸಿಬಿಟ್ಟಿದ್ದರು. ಇನ್ನೊಬ್ಬರು ಎಂಟು ಕಿಲೋಮೀಟರ್ ನಡೆದು ಬಂದ ದಿನ ನನ್ನಲ್ಲಿ ದಾಸ್ತಾನು ಕಡಿಮೆಯಿತ್ತು, ಹತ್ತೇ ಮಾತ್ರೆ ಕೊಟ್ಟು ಕಳುಹಿಸಿದ್ದೆ. ಅವರು ಮತ್ತೆ ಬರಲಿಲ್ಲ. ನಾನಾಗಿದ್ದರೂ ಬರುತ್ತಿರಲಿಲ್ಲ. ಹೆಚ್ಚಿನವರ ಉತ್ತರ ಒಂದೇ: "ಏನೂ ನೋವಿಲ್ಲವಲ್ಲ ಸಿಸ್ಟರ್."

ಗಂಡಸರು ಹಗಲಿನಲ್ಲಿ ಮನೆಯಲ್ಲಿ ಸಿಗುವುದಿಲ್ಲ. ಕೊಯ್ಲಿನ ಕಾಲದಲ್ಲಂತೂ ಹೆಂಗಸರೂ ಸಿಗುವುದಿಲ್ಲ. ಎಲ್ಲರೂ ಒಟ್ಟಿಗೆ ಸಿಗುವ ಜಾಗವೆಂದರೆ ಅಡಿಕೆ ಸುಲಿಯುವ ಚಪ್ಪರ. ಬಿಪಿ ಯಂತ್ರ, ಶುಗರ್ ನೋಡುವ ಪಟ್ಟಿಗಳನ್ನು ಚೀಲಕ್ಕೆ ಹಾಕಿಕೊಂಡು ಅಲ್ಲಿಗೇ ಹೋದೆ. ಮೊದಲ ದಿನ ಪೂರ್ತಿ ಎಡವಟ್ಟು. ಒತ್ತಡ ಅಳೆಯುವ ಮುನ್ನ ಐದು ನಿಮಿಷ ಸುಮ್ಮನೆ ಕೂರಬೇಕು, ಅರ್ಧ ಗಂಟೆ ಮೊದಲಿನಿಂದ ಕಾಫಿ, ಹೊಗೆಸೊಪ್ಪು ಇರಬಾರದು. ಅಲ್ಲಿ ಕೂತವರಿಗೆ ಕೂಲಿ ಸುಲಿದ ಅಳತೆಯ ಮೇಲೆ. ಐದು ನಿಮಿಷವೆಂದರೆ ದುಡ್ಡು. ಬಾಯಲ್ಲಿ ಕವಳ, ಅಂದರೆ ಹೊಗೆಸೊಪ್ಪು ಸೇರಿಸಿದ ಎಲೆಅಡಿಕೆ, ಇಲ್ಲದವರು ಇಬ್ಬರೋ ಮೂವರೋ. ಆ ರಾತ್ರಿ ಅಳೆದ ಯಾವ ಅಂಕಿಯನ್ನೂ ನಾನು ನಂಬಲಿಲ್ಲ. ಮರುದಿನ ಅವರು ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂರುವ ಮೊದಲೇ ಹೋಗಿ, ಸಂಜೆಯ ಮೊದಲ ಕವಳಕ್ಕಿಂತ ಮುಂಚೆ ಅಳೆದೆ. ಶುಗರ್ 140 ದಾಟಿದವರನ್ನು ಖಾಲಿ ಹೊಟ್ಟೆಯ ಪರೀಕ್ಷೆಗೆ ಬರಹೇಳಿದೆ.

ಕವಳದ ವಿಷಯದಲ್ಲಿ ಮಾತ್ರ ನನಗೆ ನಾಲಿಗೆ ಸರಾಗವಾಗಿ ಹೊರಳುವುದಿಲ್ಲ. ಹೊಗೆಸೊಪ್ಪು ಕೆಟ್ಟದ್ದೆಂದರೆ ಎಲ್ಲರೂ ತಲೆಯಾಡಿಸುತ್ತಾರೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿಯೇ ಅಡಿಕೆಯನ್ನೂ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ ಎಂದು ಅಡಿಕೆ ಚಪ್ಪರದಲ್ಲಿ ನಿಂತು ಹೇಳುವುದು ಬೇರೆ ಮಾತು. ಅಲ್ಲಿರುವವರ ಮಕ್ಕಳ ಶಾಲೆ ಫೀಸು ಅದೇ ರಾಶಿಯಲ್ಲಿದೆ. ನಾನು ಭಾಷಣ ಬಿಟ್ಟು ಕೈ ನೀಡಿದೆ: ಮೂರು ಬೆರಳುಗಳನ್ನು ಒಂದರ ಮೇಲೊಂದು ಉದ್ದಕ್ಕೆ ಜೋಡಿಸಿ ಬಾಯೊಳಗೆ ಹೋಗುತ್ತವೆಯೇ ನೋಡಿ ಎಂದೆ. ಕವಳದಿಂದ ಬಾಯಿ ಬಿಗಿಯತೊಡಗಿದ್ದರೆ ಹೋಗುವುದಿಲ್ಲ. ನಗುತ್ತಾ ಎಲ್ಲರೂ ಪ್ರಯತ್ನಿಸಿದರು. ಒಬ್ಬ ಹುಡುಗನಿಗೆ ಎರಡು ಬೆರಳಿಗೇ ಬಾಯಿ ನಿಂತಿತು. ನಗು ಅಲ್ಲಿಗೆ ನಿಂತಿತು. ಅವನನ್ನು ದಂತವೈದ್ಯರ ಬಳಿಗೆ ಕಳುಹಿಸಿದೆ. ಕವಳ ಬಿಟ್ಟಿದ್ದಾನೆ ಎನ್ನುತ್ತಾನೆ, ಅವನ ತಾಯಿ ಹಾಗೆನ್ನುವುದಿಲ್ಲ.

ಉಪ್ಪು ಕಡಿಮೆ ಮಾಡಿ ಎಂಬ ಉಪದೇಶವನ್ನೂ ನಿಲ್ಲಿಸಿದ್ದೇನೆ. ಈಗ ಕೇಳುವುದು, ತಿಂಗಳಿಗೆ ಎಷ್ಟು ಪ್ಯಾಕೆಟ್ ಉಪ್ಪು ತರುತ್ತೀರಿ ಎಂದು. ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ ಒಂದು ಕಿಲೋ ಖರ್ಚಾದರೆ ತಲೆಗೆ ದಿನಕ್ಕೆ ಎಂಟು ಗ್ರಾಂ ದಾಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಐದು ಗ್ರಾಂ ಒಳಗೆ. ಈ ಲೆಕ್ಕವನ್ನು ಹೆಮ್ಮೆಯಿಂದ ಒಪ್ಪಿಸುತ್ತಿದ್ದಾಗ ಒಬ್ಬ ಅಮ್ಮ ತಡೆದರು. "ಅದರಲ್ಲಿ ದನಗಳ ಪಾಲೂ ಇದೆ ಸಿಸ್ಟರ್, ಅಪ್ಪೆಮಿಡಿ ಉಪ್ಪಿನಕಾಯಿಗೆ ಹಾಕಿದ ಕಲ್ಲುಪ್ಪು ಇದರಲ್ಲಿಲ್ಲ." ಎರಡೂ ಸರಿ. ಅಂದಿನಿಂದ ದನಗಳದ್ದನ್ನು ಕಳೆದು, ಭರಣಿಯದ್ದನ್ನು ಕೂಡಿಸುತ್ತೇನೆ. ಉಪ್ಪಿನಕಾಯಿ ಬಿಡಿ ಎಂದು ಮಲೆನಾಡಿನಲ್ಲಿ ಹೇಳಿದರೆ ಮತ್ತೆ ಅಂಗಳಕ್ಕೆ ಸೇರಿಸುವುದಿಲ್ಲ. ಗಂಜಿ ಊಟದಲ್ಲಿ ಉಪ್ಪಿನಕಾಯಿ ಇದ್ದ ಹೊತ್ತು ಗಂಜಿಗೆ ಉಪ್ಪು ಹಾಕಿಕೊಳ್ಳಬೇಡಿ ಎನ್ನುತ್ತೇನೆ. ಇದನ್ನು ಕೆಲವರು ಪಾಲಿಸುತ್ತಿದ್ದಾರೆ.

ಡಬ್ಬಿ ಪೂರ್ತಿ ಖಾಲಿಯಾದ ತಿಂಗಳು ಈವರೆಗೆ ಒಂದೂ ಇಲ್ಲ. ಕೊನೆಗಾರರ ಕಾರ್ಡು ಮಾತ್ರ ಎಂದೂ ಉಳಿಯುವುದಿಲ್ಲ. ಅವರ ಹೆಂಡತಿ ಹೇಳಿದ ದಿನವೇ ಬಂದು ಗಂಡನ ಮಾತ್ರೆ ಒಯ್ಯುತ್ತಾರೆ. ಹೋದ ತಿಂಗಳು ಕೂರಿಸಿ ಅವರದನ್ನೂ ಅಳೆದೆ, 158/96 ಇತ್ತು. ವೈದ್ಯರು ಅವರಿಗೂ ಮಾತ್ರೆ ಬರೆದರು, ಅವರದೂ ಒಂದು ಕಾರ್ಡಾಯಿತು. ನಿನ್ನೆ ತಿಂಗಳು ಮುಗಿಯಿತು. ಡಬ್ಬಿಯಲ್ಲಿ ಉಳಿದ ಕಾರ್ಡುಗಳಲ್ಲಿ ಅದೂ ಇದೆ.