ನರದ ಒತ್ತಡ ಬಿಡಿಸಿದ ಮೇಲೆ: ನೋವನ್ನು ವಿಂಗಡಿಸಿ ನಿಭಾಯಿಸಿದ ಬಗೆ

ನರದ ಮೇಲಿನ ಒತ್ತಡ ತೆಗೆಯುವ ಶಸ್ತ್ರಚಿಕಿತ್ಸೆ ನರವನ್ನು ರಿಪೇರಿ ಮಾಡುವುದಿಲ್ಲ. ನರ ಹಾದುಹೋಗುವ ಇಕ್ಕಟ್ಟು ಜಾಗವನ್ನು ಸಡಿಲಿಸುತ್ತದೆ, ಅಷ್ಟೇ. ಉಳಿದ ಕೆಲಸ ನರದ್ದು, ವೇಗವೂ ಅದರದ್ದೇ. ನನ್ನದು ಕಿರುಬೆರಳು, ಉಂಗುರ ಬೆರಳಿನ ಕಡೆ ಹೋಗುವ ಅಲ್ನಾರ್ ನರ ಮೊಣಕೈ ಒಳಬದಿಯ ಸುರಂಗದಂಥ ಜಾಗದಲ್ಲಿ ಸಿಕ್ಕಿಕೊಂಡಿದ್ದ ಕೇಸು, ಆ ಜಾಗಕ್ಕೆ ಕ್ಯೂಬಿಟಲ್ ಟನಲ್ ಅನ್ನುತ್ತಾರೆ. ಹೊಲಿಗೆ ಬಿಚ್ಚಿದ ದಿನ ಹೊರಗಿನಿಂದ ನೋಡುವವರಿಗೆ ಎಲ್ಲ ಮುಗಿದಂತೆ ಕಾಣುತ್ತದೆ. ಒಳಗಿನ ಲೆಕ್ಕ ತಿಂಗಳುಗಳದ್ದು. ಆ ತಿಂಗಳುಗಳಲ್ಲಿ ನನ್ನ ಕೈಹಿಡಿದದ್ದು ಒಂದೇ ಅಭ್ಯಾಸ: ಸುಮ್ಮನೆ ‘ನೋವು’ ಅನ್ನದೆ, ಇದು ಯಾವ ನೋವು ಎಂದು ಕೇಳಿಕೊಳ್ಳುವುದು. ಒಂದೊಂದಕ್ಕೂ ಬೇರೆ ಉಪಾಯ, ಬೇರೆ ಗಡುವು.

ನಾನು ನಾಲ್ಕು ಬಗೆ ಗುರುತಿಸಿಕೊಂಡೆ. ಮೊದಲನೆಯದು ಕೊಯ್ದ ಗಾಯದ ನೋವು. ಮಿಡಿಯುತ್ತದೆ, ಕೈ ಕೆಳಗೆ ಬಿಟ್ಟರೆ ಜಾಸ್ತಿ, ಎತ್ತಿಟ್ಟರೆ ಕಡಿಮೆ. ಒಂದೆರಡು ವಾರದಲ್ಲಿ ತಾನಾಗಿ ಇಳಿಯುತ್ತದೆ. ಎರಡನೆಯದು ಗಾಯ ಮಾಗಿ ಉಳಿದ ಕಲೆಯ ನೋವು. ಬಟ್ಟೆ ತಾಗಿದರೆ ಚುರುಗುಟ್ಟುತ್ತದೆ, ಚರ್ಮ ಬಿಗಿದು ಎಳೆಯುತ್ತದೆ. ಮೂರನೆಯದು ಕೆರಳಿದ ನರದ್ದು. ಮೊಣಕೈ ಹೆಚ್ಚು ಹೊತ್ತು ಮಡಚಿದ್ದರೆ, ಊರಿದ್ದರೆ, ಅಥವಾ ಕೆಲಸ ಅತಿಯಾದರೆ ಕಿರುಬೆರಳು, ಉಂಗುರ ಬೆರಳಿಗೆ ಉರಿ ಮತ್ತು ಜೋಮು ಇಳಿಯುತ್ತದೆ. ನಾಲ್ಕನೆಯದು ನರ ಮತ್ತೆ ಚಿಗುರುವಾಗಿನದು. ಏನೂ ಮಾಡದೆ ಕುಳಿತಿದ್ದಾಗ ಕ್ಷಣಮಾತ್ರ ಕರೆಂಟ್ ಹೊಡೆದಂತಾಗುತ್ತದೆ, ಮರಗಟ್ಟಿದ್ದ ಬೆರಳಲ್ಲಿ ಇರುವೆ ಹರಿದಂತಾಗುತ್ತದೆ. ಮೂರನೆಯದಕ್ಕೂ ನಾಲ್ಕನೆಯದಕ್ಕೂ ಇರುವ ವ್ಯತ್ಯಾಸ ತಿಳಿದರೆ ಅರ್ಧ ಭಯ ಹೋಗುತ್ತದೆ. ಕೆರಳಿದ ನರದ ನೋವಿಗೆ ಹಿಂದೆ ಹುಡುಕಿದರೆ ಒಂದು ಕಾರಣ ಸಿಗುತ್ತದೆ, ಮತ್ತು ಅದು ಗಂಟೆಗಟ್ಟಲೆ ಉಳಿಯುತ್ತದೆ. ಚಿಗುರುವ ನೋವಿಗೆ ಕಾರಣ ಸಿಗುವುದಿಲ್ಲ, ಬಂದಷ್ಟೇ ಬೇಗ ಹೋಗುತ್ತದೆ.

ಮೊದಲ ಎರಡು ವಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೈ ಎದೆಮಟ್ಟಕ್ಕಿಂತ ಮೇಲಿರಬೇಕು, ಬೆರಳುಗಳನ್ನು ಗಂಟೆಗೊಮ್ಮೆ ಹತ್ತು ಸಲ ಪೂರ್ತಿ ಮಡಚಿ ಬಿಡಿಸಬೇಕು, ಡ್ರೆಸ್ಸಿಂಗ್ ಒದ್ದೆಯಾಗಬಾರದು. ಕುತ್ತಿಗೆಯಿಂದ ಇಳಿಬಿಡುವ ಕೈಜೋಲಿಯನ್ನು (ಸ್ಲಿಂಗ್) ದಿನವಿಡೀ ಹಾಕಿಕೊಂಡರೆ ಭುಜ ಹಿಡಿದುಕೊಳ್ಳುತ್ತದೆ, ಮೊಣಕೈಯೂ ಮಡಚಿದ ಸ್ಥಿತಿಯಲ್ಲೇ ಉಳಿಯುತ್ತದೆ. ಕುಳಿತಾಗ ತೆಗೆದು ಭುಜವನ್ನು ಸುತ್ತಿಸಬೇಕು. ಐಸ್ ಇಡುವುದಾದರೆ ಬಟ್ಟೆ ಸುತ್ತಿ ಹತ್ತು ನಿಮಿಷ, ಅದೂ ಸ್ಪರ್ಶ ಸರಿಯಿರುವ ಚರ್ಮದ ಮೇಲೆ ಮಾತ್ರ. ಮರಗಟ್ಟಿದ ಜಾಗಕ್ಕೆ ಇಟ್ಟರೆ ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ.

ನಿಜವಾದ ಸಮಸ್ಯೆ ರಾತ್ರಿ. ಮೊಣಕೈ ಮಡಚಿದಷ್ಟೂ ಅಲ್ನಾರ್ ನರ ಎಳೆಯಲ್ಪಡುತ್ತದೆ, ಅದು ಹಾದುಹೋಗುವ ಸುರಂಗವೂ ಕಿರಿದಾಗುತ್ತದೆ. ನಿದ್ದೆಯಲ್ಲಿ ನಾವೆಲ್ಲ ಕೈಯನ್ನು ಮುಖದ ಹತ್ತಿರ ಮಡಚಿಕೊಳ್ಳುವವರೇ. ಪೂರ್ತಿ ನೆಟ್ಟಗೆ ಇಡುವುದೂ ಬೇಡ. 30ರಿಂದ 45 ಡಿಗ್ರಿಯಷ್ಟು ಮಡಚಿದ ಸ್ಥಿತಿಯೇ ನರಕ್ಕೆ ಹಿತ. ಸ್ಪ್ಲಿಂಟ್ ಕೊಟ್ಟಿದ್ದರೆ ಅದೇ ಸಾಕು. ಇಲ್ಲದಿದ್ದರೆ ಸ್ನಾನದ ಟವೆಲ್ ಅನ್ನು ಉದ್ದಕ್ಕೆ ಮಡಚಿ ಮೊಣಕೈಗೆ ಸುತ್ತಿ, ದಪ್ಪ ಭಾಗ ಮೊಣಕೈಯ ಮಡಿಕೆಯ ಕಡೆ ಬರುವಂತೆ ಸಡಿಲವಾಗಿ ಟೇಪ್ ಹಾಕಬೇಕು. ಆಟಗಾರರು ಹಾಕುವ ಎಲ್ಬೋ ಪ್ಯಾಡ್ ತಿರುಗಿಸಿ ಹಾಕಿಕೊಂಡರೂ ಅದೇ ಕೆಲಸ ಮಾಡುತ್ತದೆ. ಬಿಗಿ ಹೆಚ್ಚಾಯಿತೇ ಎಂದು ತಿಳಿಯಲು ಒಂದು ಬೆರಳು ಒಳಗೆ ತೂರಿಸಿ ನೋಡಿದರೆ ಸಾಕು. ಮಗ್ಗುಲಾಗಿ ಮಲಗುವವರು ಇನ್ನೊಂದು ಮಗ್ಗುಲಿಗೆ ತಿರುಗಿ, ಎದೆಯ ಮುಂದೆ ದಿಂಬಿಟ್ಟು ಮುಂಗೈಯನ್ನು ಅದರ ಮೇಲೆ ಚಾಚಬೇಕು. ಇದೆಲ್ಲ ರಾತ್ರಿಗಷ್ಟೇ. ನರವನ್ನು ಇದ್ದಲ್ಲೇ ಬಿಡಿಸಿದ ಶಸ್ತ್ರಚಿಕಿತ್ಸೆಯಾದರೆ, ಸರ್ಜನ್ ಒಪ್ಪಿದ ಮೇಲೆ ಹಗಲಲ್ಲಿ ಮೊಣಕೈಯನ್ನು ಪೂರ್ತಿ ಆಡಿಸಲೇಬೇಕು. ಆಡಿಸದೆ ಬಿಟ್ಟರೆ ನರ ಸುತ್ತಲಿನ ಅಂಗಾಂಶಕ್ಕೆ ಅಂಟಿಕೊಂಡು ಹೊಸ ಎಳೆತ ಶುರುವಾಗುತ್ತದೆ. ನರವನ್ನು ಮುಂದಕ್ಕೆ ಸರಿಸಿ ಸ್ನಾಯುವಿನ ಕೆಳಗೆ ಇಟ್ಟಿದ್ದರೆ ಲೆಕ್ಕವೇ ಬೇರೆ. ಕತ್ತರಿಸಿ ಹೊಲಿದ ಸ್ನಾಯು ಕೂಡುವವರೆಗೆ ಕಾಯಬೇಕು.

ಔಷಧಿಯಲ್ಲೂ ಈ ವಿಂಗಡಣೆ ಉಪಯೋಗಕ್ಕೆ ಬರುತ್ತದೆ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಗಾಯದ ನೋವಿಗೆ ಕೆಲಸ ಮಾಡುತ್ತವೆ, ನರದ ಉರಿಗೆ ಅಷ್ಟಾಗಿ ಇಲ್ಲ. ‘ಮಾತ್ರೆ ತೆಗೆದುಕೊಂಡರೂ ನೋವು ಹೋಗಲಿಲ್ಲ’ ಎನ್ನುವವರಲ್ಲಿ ಅನೇಕರು ಮೂರನೇ ಬಗೆಯ ನೋವಿಗೆ ಮೊದಲನೆಯದರ ಮಾತ್ರೆ ನುಂಗುತ್ತಿರುತ್ತಾರೆ. ಪ್ಯಾರಾಸಿಟಮಾಲ್ ವಯಸ್ಕರಿಗೆ 24 ಗಂಟೆಯಲ್ಲಿ 4 ಗ್ರಾಂ ಮೀರಬಾರದು, ಯಕೃತ್ತಿನ ತೊಂದರೆ ಅಥವಾ ಕಡಿಮೆ ದೇಹತೂಕ ಇದ್ದರೆ ಇನ್ನೂ ಕಡಿಮೆ. ನೆಗಡಿ ಮಾತ್ರೆಗಳಲ್ಲೂ ಇದು ಅಡಗಿರುತ್ತದೆ, ಎರಡನ್ನೂ ಕೂಡಿಸಿ ಲೆಕ್ಕ ಹಾಕಬೇಕು. ಐಬುಪ್ರೊಫೆನ್ ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇರುವವರಿಗೆ, ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರಿಗೆ ಆಗದು.

ನರದ ಉರಿಗೆ ವೈದ್ಯರು ಕೊಡುವುದು ಅಮಿಟ್ರಿಪ್ಟಿಲೀನ್, ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್, ಡುಲೋಕ್ಸೆಟಿನ್ ತರಹದವು. ಇವು ತಲೆನೋವಿನ ಮಾತ್ರೆಯ ಹಾಗೆ ಅರ್ಧ ಗಂಟೆಯಲ್ಲಿ ಫಲ ಕೊಡುವುದಿಲ್ಲ. ಸಣ್ಣ ಪ್ರಮಾಣದಿಂದ ಶುರುಮಾಡಿ ಏರಿಸುತ್ತಾರೆ, ಪೂರ್ತಿ ಫಲ ಕಾಣಲು ಕೆಲವು ವಾರ ಬೇಕು. ಅಮಿಟ್ರಿಪ್ಟಿಲೀನ್ ಸಾಮಾನ್ಯವಾಗಿ ರಾತ್ರಿ 10 ಮಿ.ಗ್ರಾಂನಿಂದ ಆರಂಭ. ಮಲಗುವಾಗಲೇ ನುಂಗಿದರೆ ಬೆಳಿಗ್ಗೆ ಮಂಪರು ಬಿಡದು, ಒಂದೆರಡು ಗಂಟೆ ಮೊದಲೇ ನುಂಗುವುದು ಮೇಲು. ಬಾಯಿ ಒಣಗುತ್ತದೆ. ಇವನ್ನು ತಾವಾಗಿ ಒಮ್ಮೆಲೇ ನಿಲ್ಲಿಸಬಾರದು, ಇಳಿಸುತ್ತಾ ಬರಬೇಕು. ಗ್ಯಾಬಪೆಂಟಿನ್ ಅಥವಾ ಪ್ರಿಗ್ಯಾಬಲಿನ್ ಜೊತೆ ಟ್ರಮಡಾಲ್‌ನಂಥ ಓಪಿಯಾಯ್ಡ್ (ಅಫೀಮಿನ ಬಗೆಯ ನೋವುನಿವಾರಕ) ಮಾತ್ರೆ ಅಥವಾ ಮದ್ಯ ಸೇರಿದರೆ ಉಸಿರಾಟವೇ ಮಂದವಾಗಬಹುದು.

ಕಲೆಯ ನೋವಿಗೆ ಮಾತ್ರೆಗಿಂತ ಬೆರಳು ಮೇಲು. ಗಾಯ ಪೂರ್ತಿ ಮುಚ್ಚಿ ಹಕ್ಕಳೆ ಉದುರಿದ ಮೇಲೆ, ಸಾಧಾರಣವಾಗಿ 2–3 ವಾರಕ್ಕೆ, ತಿಕ್ಕಲು ಶುರುಮಾಡಬಹುದು. ವಾಸನೆಯಿಲ್ಲದ ಮಾಯಿಶ್ಚರೈಸರ್ ಅಥವಾ ಪೆಟ್ರೋಲಿಯಂ ಜೆಲ್ಲಿ ಚೂರೇ ಚೂರು ಸಾಕು. ಜಾಸ್ತಿಯಾದರೆ ಬೆರಳು ಜಾರುತ್ತದೆ, ಚರ್ಮ ಕದಲುವುದಿಲ್ಲ. ಒತ್ತುವ ಬೆರಳಿನ ಉಗುರು ಬಿಳಚುವಷ್ಟು ಒತ್ತಿ, ಕಲೆಯ ಉದ್ದಕ್ಕೆ, ಅಡ್ಡಕ್ಕೆ, ವೃತ್ತಾಕಾರವಾಗಿ, ಒಂದು ಸಲಕ್ಕೆ 5 ನಿಮಿಷ, ದಿನಕ್ಕೆ 2–3 ಸಲ. ನರವನ್ನು ಮುಂದಕ್ಕೆ ಸರಿಸಿ ಚರ್ಮದ ಕೆಳಗೇ ಇಟ್ಟಿದ್ದರೆ ಅದರ ಮೇಲೆ ಇಷ್ಟು ಒತ್ತಡ ಕೂಡದು, ಬೆರಳಿಗೆ ಕರೆಂಟ್ ಹೊಡೆದ ಕಡೆ ಬಿಟ್ಟು ಪಕ್ಕದಲ್ಲಿ ತಿಕ್ಕಬೇಕು. ಸಿಲಿಕೋನ್ ಜೆಲ್ ಹಾಳೆ ಹಾಕುವುದಾದರೆ ದಿನಕ್ಕೆ 12 ಗಂಟೆಯಾದರೂ ಇರಬೇಕು, ಎರಡು ಮೂರು ತಿಂಗಳು ಮುಂದುವರಿಸಬೇಕು. ಆಗೀಗ ಹಾಕಿದರೆ ಪ್ರಯೋಜನವಿಲ್ಲ.

ಮುಟ್ಟಿದರೆ ಸಹಿಸಲಾಗದ ಚರ್ಮಕ್ಕೆ ರೂಢಿ ಮಾಡಿಸುವ ಕೆಲಸ ಬೇರೆ. ನೋಯದ ಚರ್ಮದಿಂದ ಶುರುಮಾಡಿ ನೋಯುವ ಕಡೆಗೆ ಸಾಗಬೇಕು: ಮೊದಲು ಹತ್ತಿ, ಆಮೇಲೆ ಮೆತ್ತನೆ ಬಟ್ಟೆ, ಟವೆಲ್, ಕೊನೆಗೆ ಒರಟು ಕಂಬಳಿ. ಮುಂದಿನ ಹಂತಕ್ಕೆ ಒಣ ಮರಳು ಅಥವಾ ಕಾಳು ತುಂಬಿದ ಡಬ್ಬಿಯಲ್ಲಿ ಕೈ ಆಡಿಸುವುದು. ಐದು ನಿಮಿಷದಂತೆ ದಿನಕ್ಕೆ 3–4 ಸಲ. ಒಂದು ಬಟ್ಟೆ ಬೇಸರ ಬರುವಷ್ಟು ಮಾಮೂಲಾದ ಮೇಲೆಯೇ ಮುಂದಿನದು. ಆ ಜಾಗವನ್ನು ಸದಾ ಮುಚ್ಚಿಟ್ಟು ಕಾಪಾಡಿದರೆ ಸಂವೇದನೆ ಇನ್ನೂ ಹರಿತವಾಗುತ್ತದೆ. ಇನ್ನೊಂದು ಮಾತು: ಮೊಣಕೈಯ ಗಾಯದ ಸುತ್ತ, ಮುಂಗೈ ಒಳಬದಿಯಲ್ಲಿ ಹೊಸದಾಗಿ ಮರಗಟ್ಟಿದ ತೇಪೆ ಕಂಡರೆ ಅದು ಅಲ್ನಾರ್ ನರದ್ದಲ್ಲ. ಕೊಯ್ಯುವ ದಾರಿಯಲ್ಲಿ ಅಡ್ಡ ಹಾಯುವ ಚರ್ಮದ ಸಣ್ಣ ನರದ ಕೊಂಬೆಗಳದ್ದು. ಹೆಚ್ಚಿನವರಲ್ಲಿ ಅದು ಕಿರಿದಾಗುತ್ತಾ ಬರುತ್ತದೆ. ಆದರೆ ಒಂದೇ ಚುಕ್ಕೆಯಲ್ಲಿ ಮುಟ್ಟಿದಾಗಲೆಲ್ಲ ಚುಚ್ಚುತ್ತಿದ್ದರೆ ನರದ ತುದಿ ಗಂಟುಕಟ್ಟಿರಬಹುದು, ತೋರಿಸಬೇಕು.

ನರ ಜಾರಿಸುವ ವ್ಯಾಯಾಮದ ಬಗ್ಗೆ ಗೊಂದಲ ಹೆಚ್ಚು, ಅದರಿಂದಲೇ ನರ ಕೆರಳಿಸಿಕೊಳ್ಳುವವರೂ ಹೆಚ್ಚು. ಎರಡು ಬಗೆ ಇವೆ. ಒಂದರಲ್ಲಿ ನರದ ಎರಡೂ ತುದಿ ಒಟ್ಟಿಗೆ ಎಳೆಯಲ್ಪಡುತ್ತವೆ, ಇನ್ನೊಂದರಲ್ಲಿ ಒಂದು ತುದಿ ಎಳೆದಾಗ ಇನ್ನೊಂದು ಸಡಿಲ. ಮೊದಲ ತಿಂಗಳುಗಳಿಗೆ ಎರಡನೆಯದೇ ಸರಿ. ಅಲ್ನಾರ್ ನರಕ್ಕೆ ಹೀಗೆ: ಕೈಯನ್ನು ಪಕ್ಕಕ್ಕೆ ಸ್ವಲ್ಪ ಎತ್ತಿ, ಮೊಣಕೈ ಮಡಚುವಾಗ ಮಣಿಕಟ್ಟನ್ನು ಅಂಗೈ ಕಡೆಗೆ ಬಾಗಿಸಬೇಕು; ಮೊಣಕೈ ಚಾಚುವಾಗ ಮಣಿಕಟ್ಟನ್ನು ಹಿಂದಕ್ಕೆ ಎತ್ತಬೇಕು. ಒಂದು ಸಲಕ್ಕೆ ನಾಲ್ಕೈದು ಸೆಕೆಂಡ್, 5ರಿಂದ 10 ಸಲ, ದಿನಕ್ಕೆ ಎರಡು ಬಾರಿ. ಜೋಮು ಶುರುವಾಗುವ ಅಂಚಿಗೆ ಸ್ವಲ್ಪ ಮುಂಚೆಯೇ ಹಿಂದಿರುಗಬೇಕು. ಸ್ನಾಯುವನ್ನು ಎಳೆದು ಹಿಡಿದಂತೆ ನರವನ್ನು ಎಳೆದು ಹಿಡಿಯಬಾರದು. ಎಳೆದು ಹಿಡಿದಷ್ಟು ಹೊತ್ತೂ ಅದಕ್ಕೆ ರಕ್ತ ಹರಿಯುವುದು ಕಡಿಮೆಯಾಗುತ್ತದೆ. ಮುಗಿಸಿ ಕೆಲವು ನಿಮಿಷದಲ್ಲಿ ಜೋಮು ಇಳಿಯದಿದ್ದರೆ ಮರುದಿನ ಅರ್ಧಕ್ಕೆ ಇಳಿಸಬೇಕು.

ಕೆಲಸ ಏರಿಸುವಾಗ ನಾನಿಟ್ಟುಕೊಂಡ ನಿಯಮ: ಒಂದು ವಾರಕ್ಕೆ ಒಂದೇ ಬದಲಾವಣೆ. ಭಾರ ಹೆಚ್ಚಿಸಿದ ವಾರ ಟೈಪಿಂಗ್ ಹೊತ್ತು ಹೆಚ್ಚಿಸಲಿಲ್ಲ. ಎರಡನ್ನೂ ಒಟ್ಟಿಗೆ ಏರಿಸಿದರೆ ಕೆರಳಿಸಿದ್ದು ಯಾವುದೆಂದು ತಿಳಿಯುವುದೇ ಇಲ್ಲ. ಕೆಲಸದ ನಂತರ ನೋವು ಹತ್ತರ ಅಳತೆಯಲ್ಲಿ ಎರಡು ಅಂಕ ಏರಿ ಮರುದಿನ ಬೆಳಗಿನೊಳಗೆ ಇಳಿದರೆ ಆ ಪ್ರಮಾಣ ಸರಿ. ಇಳಿಯದಿದ್ದರೆ ಹಿಂದಿನ ವಾರದ ಪ್ರಮಾಣಕ್ಕೆ ವಾಪಸ್. ಪೂರ್ತಿ ವಿಶ್ರಾಂತಿಗೆ ಹೋಗಬಾರದು. ನೋವಿಲ್ಲದ ದಿನ ಬಾಕಿ ಕೆಲಸವನ್ನೆಲ್ಲ ಮುಗಿಸುವ ಆಸೆ ಇದೆಯಲ್ಲ, ಅದೇ ಮುಂದಿನ ಮೂರು ದಿನವನ್ನು ನುಂಗುವುದು. ಭಾರದ ಮಿತಿ ಮಾತ್ರ ಸರ್ಜನ್ ಹೇಳಿದ್ದೇ ಅಂತಿಮ.

ನಿಧಾನಕ್ಕೆ ಕಾರಣ ಗೊತ್ತಿದ್ದರೆ ಸಹಿಸುವುದು ಸುಲಭ. 1943ರಲ್ಲಿ ಬ್ರಿಟಿಷ್ ಸರ್ಜನ್ ಹರ್ಬರ್ಟ್ ಸೆಡನ್ ನರದ ಗಾಯಗಳನ್ನು ಮೂರು ಮಟ್ಟವಾಗಿ ವಿಂಗಡಿಸಿದರು. ಒತ್ತಡದ ಕೇಸುಗಳು ಹೆಚ್ಚಾಗಿ ಮೊದಲೆರಡರಲ್ಲಿ ಬರುತ್ತವೆ. ನರತಂತುವಿನ ಮಯಲಿನ್ ಹೊದಿಕೆ ಮಾತ್ರ ಹಾಳಾಗಿದ್ದರೆ ವಾರಗಳಿಂದ ಸುಮಾರು ಮೂರು ತಿಂಗಳಲ್ಲಿ ಅದು ಮತ್ತೆ ಕಟ್ಟಿಕೊಳ್ಳುತ್ತದೆ. ಒಳಗಿನ ತಂತುವೇ ಸತ್ತಿದ್ದರೆ ಅದು ದಿನಕ್ಕೆ ಸುಮಾರು 1 ಮಿ.ಮೀ. ಬೆಳೆಯಬೇಕು. ಮೊಣಕೈಯಿಂದ ಅಂಗೈಯ ಸಣ್ಣ ಸ್ನಾಯುಗಳಿಗೆ 25–30 ಸೆಂ.ಮೀ. ದೂರ, ಅಂದರೆ ಹೆಚ್ಚುಕಡಿಮೆ ಹತ್ತು ತಿಂಗಳು. ನರವಿಲ್ಲದೆ ಒಂದೂವರೆ ವರ್ಷ ಕಳೆದ ಸ್ನಾಯು ಮತ್ತೆ ಸ್ಪಂದಿಸುವ ಸಾಧ್ಯತೆ ಕಡಿಮೆ. ಅದಕ್ಕೇ ಹೆಬ್ಬೆರಳು-ತೋರುಬೆರಳಿನ ನಡುವಿನ ಮಾಂಸ ಮೊದಲೇ ಇಳಿದುಹೋಗಿದ್ದವರಿಗೆ ಪೂರ್ತಿ ಬಲ ಬರುವುದು ಖಾತ್ರಿಯಿಲ್ಲ. ಸಾಮಾನ್ಯವಾಗಿ ರಾತ್ರಿಯ ಜೋಮು ಮೊದಲು ಹೋಗುತ್ತದೆ, ಸ್ಪರ್ಶ ಆಮೇಲೆ, ಬಲ ಎಲ್ಲಕ್ಕಿಂತ ಕೊನೆಗೆ. ಮಣಿಕಟ್ಟಿನಲ್ಲಿ ಇನ್ನೊಂದು ನರ ಹಾಯುವ ಕಾರ್ಪಲ್ ಟನಲ್ ಎಂಬ ಇಕ್ಕಟ್ಟನ್ನು ಬಿಡಿಸಿಕೊಂಡವರಿಗೆ ದೂರ ಕಡಿಮೆ, ಆದರೆ ಅಂಗೈ ಬುಡದ ಎರಡು ಉಬ್ಬುಗಳಲ್ಲಿ ಕೈ ಊರಿ ಏಳುವಾಗ ನೋವು ಮೂರರಿಂದ ಆರು ತಿಂಗಳು ಕಾಡಬಹುದು. ಅದು ಆಪರೇಷನ್ ಕೆಟ್ಟಿತು ಎಂಬುದರ ಗುರುತಲ್ಲ.

ಪ್ರಗತಿಯನ್ನು ದಿನಾ ಅಳೆದರೆ ನಿರಾಸೆಯೇ ಗತಿ. ತಿಂಗಳಿಗೊಮ್ಮೆ, ಒಂದೇ ಹೊತ್ತಿನಲ್ಲಿ ಅಳೆಯುವುದು ಸಾಕು. ವಾರದಲ್ಲಿ ಎಷ್ಟು ರಾತ್ರಿ ಜೋಮಿಗೆ ಎಚ್ಚರವಾಯಿತು, ಕಣ್ಣು ಮುಚ್ಚಿದಾಗ ಕಿರುಬೆರಳ ತುದಿಗೆ ಹತ್ತಿ ತಾಗಿದ್ದು ತಿಳಿಯಿತೇ ಎಂದು ಬರೆದುಕೊಳ್ಳಬೇಕು. ಬಲಕ್ಕೆ ಕಾಗದದ ಪರೀಕ್ಷೆ: ಹೆಬ್ಬೆರಳು ಮತ್ತು ತೋರುಬೆರಳ ಪಕ್ಕದ ನಡುವೆ ಹಾಳೆ ಹಿಡಿದು ಇನ್ನೊಬ್ಬರಿಂದ ಎಳೆಸಿದಾಗ ಹೆಬ್ಬೆರಳ ತುದಿಗೆಣ್ಣು ಮಡಚಿಕೊಂಡರೆ ಅಲ್ನಾರ್ ನರ ನಡೆಸುವ ಸ್ನಾಯು ಇನ್ನೂ ದುರ್ಬಲ ಎಂದರ್ಥ. ಇನ್ನೊಂದು, ನರದ ದಾರಿಯುದ್ದಕ್ಕೂ ಬೆರಳಿಂದ ಹಗುರವಾಗಿ ತಟ್ಟುತ್ತಾ ಹೋಗಿ, ಬೆರಳಿಗೆ ಝುಮ್ಮೆನ್ನುವ ಬಿಂದು ಎಲ್ಲಿದೆ ಎಂದು ನೋಡುವುದು. 1915ರಲ್ಲಿ ಫ್ರಾನ್ಸಿನ ಜೂಲ್ ಟಿನೆಲ್ ಮತ್ತು ಜರ್ಮನಿಯ ಪಾಲ್ ಹಾಫ್‌ಮನ್ ಬೇರೆಬೇರೆಯಾಗಿ ವಿವರಿಸಿದ ಪರೀಕ್ಷೆ ಇದು. ಬಿಂದು ಕೈಯ ಕಡೆಗೆ ಸರಿಯುತ್ತಿದ್ದರೆ ನರ ಬೆಳೆಯುತ್ತಿದೆ. ಎಲ್ಲರಲ್ಲೂ ಸ್ಪಷ್ಟವಾಗಿ ಸಿಗುವುದಿಲ್ಲ, ಸಿಗದಿದ್ದರೆ ಗಾಬರಿ ಬೇಡ. ಸಿಕ್ಕಿತೆಂದು ದಿನಾ ತಟ್ಟಬಾರದು, ತಟ್ಟಿ ತಟ್ಟಿಯೇ ನರ ಕೆರಳುತ್ತದೆ.

ಸ್ಪರ್ಶ ಬರುವವರೆಗೆ ಬಿಸಿನೀರನ್ನು ಇನ್ನೊಂದು ಕೈಯಿಂದಲೇ ಪರೀಕ್ಷಿಸಬೇಕು, ಒಲೆಯ ಹತ್ತಿರ ಕಿರುಬೆರಳು, ಉಂಗುರ ಬೆರಳು ಎಲ್ಲಿವೆ ಎಂದು ಕಣ್ಣಲ್ಲೇ ನೋಡಬೇಕು, ರಾತ್ರಿ ಮಲಗುವ ಮುನ್ನ ಸುಟ್ಟ ಅಥವಾ ಕೊಯ್ದ ಗುರುತಿದೆಯೇ ಎಂದು ಹುಡುಕಬೇಕು.

ಕೆಲವು ಸಂಗತಿಗಳಿಗೆ ತಾಳ್ಮೆ ಸಲ್ಲದು. ಬ್ಯಾಂಡೇಜ್ ಒಳಗೆ ಏರುತ್ತಲೇ ಹೋಗುವ ನೋವು, ಬೆರಳು ತಣ್ಣಗಾಗಿ ನೀಲಿಗಟ್ಟುವುದು, ಆಪರೇಷನ್ ಮೊದಲು ಆಡುತ್ತಿದ್ದ ಬೆರಳು ಆಮೇಲೆ ಆಡದಿರುವುದು, ಇವಕ್ಕೆ ಅದೇ ದಿನ ಆಸ್ಪತ್ರೆ. ಹಬ್ಬುವ ಕೆಂಪು, ಕೀವು, ಜ್ವರಕ್ಕೂ ಹಾಗೆಯೇ. ವಾರಗಳು ಕಳೆದ ಮೇಲೆ ಗಾಯಕ್ಕೆ ಹೊಂದದಷ್ಟು ಉರಿ, ಇಡೀ ಕೈ ಊದಿ ಬಣ್ಣ ಬದಲಾಗುವುದು, ಒಂದು ಕೈ ಬಿಸಿ ಇನ್ನೊಂದು ತಣ್ಣಗೆ ಇರುವುದು, ಒಂದೇ ಕೈ ಬೆವರುವುದು ಕಂಡರೆ ಸಿಆರ್‌ಪಿಎಸ್ ಎಂಬ ನೋವಿನ ಕಾಯಿಲೆಯ ಶಂಕೆ ಇರುತ್ತದೆ. ಅದಕ್ಕೆ ಬೇಗ ಫಿಸಿಯೋಥೆರಪಿ ಶುರುವಾದಷ್ಟೂ ಒಳ್ಳೆಯದು. ಮುಂದಿನ ತಪಾಸಣೆಯ ದಿನದವರೆಗೆ ಕಾಯದೆ ಫೋನ್ ಮಾಡಿ ಹೋಗಿ ತೋರಿಸಬೇಕು.